ಗಾಳಿ ನಿಂತ ಹೊತ್ತು

ಮೂರು ಬಟ್ಟಲು, ನಡುವೆ ಒಂದು ಕಡ್ಡಿ. ನನ್ನ ದೇಹವೆಂದರೆ ಇಷ್ಟೇ. ಗಾಳಿಯ ವೇಗ ಅಳೆಯುವ ಮಾಪಕ ನಾನು. ಕಾರ್ಖಾನೆಯಲ್ಲಿ ಹುಟ್ಟಿದ ದಿನ ಯಾರೋ ಉಫ್ ಎಂದು ಊದಿ ನೋಡಿದರು. ನಾನು ತಿರುಗಿದೆ. ಅದೇ ನನ್ನ ಮೊದಲ ಉಸಿರು.

ಮೊದಲು ನನ್ನನ್ನು ಗದಗದ ಕಡೆಯ ಗುಡ್ಡದಲ್ಲಿ ಗಾಳಿಯಂತ್ರವೊಂದರ ನೆತ್ತಿಯ ಮೇಲೆ ಕೂರಿಸಿದರು. ಗಾಳಿಯ ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟಾಗುತ್ತದೆಂದು ಅಲ್ಲಿನ ಎಂಜಿನಿಯರಮ್ಮ ಹೇಳಿದಾಗ ನಾನು ಬೆಕ್ಕಸಬೆರಗಾದೆ. ಗಾಳಿ ಮೆಲ್ಲಗೆ ಬೀಸಿದರೆ ರೆಕ್ಕೆ ಮಿಸುಕದು. ಹದವಾಗಿ ಬೀಸಿದರೆ ಊರೂರಿಗೆ ದೀಪ. ಮಿತಿ ಮೀರಿತೋ, ನಾನು ಸುದ್ದಿ ಮುಟ್ಟಿಸುತ್ತಿದ್ದೆ, ಆ ದೈತ್ಯ ತನ್ನ ರೆಕ್ಕೆ ಓರೆ ಮಾಡಿಕೊಂಡು ತೆಪ್ಪಗೆ ನಿಲ್ಲುತ್ತಿತ್ತು. ನನಗೆ ಕೊಂಬು ಮೂಡಿದ್ದು ಆಗಲೇ.

ಹೊಸ ಮಾಪಕ ಬಂದಾಗ ನನ್ನನ್ನು ಇಳಿಸಿದರು. ಕೈಯಿಂದ ಕೈಗೆ ದಾಟಿ ಕುಂದಾಪುರದ ಕಡೆಯ ಒಂದು ಮೀನುಗಾರಿಕೆ ಬಂದರಿನ ಕಚೇರಿಯ ಹೆಂಚಿನ ಮಾಡು ಸೇರಿದೆ. ನಾನು ಹೇಳಿದ್ದನ್ನು ತೋರಿಸಲು ಒಳಗೆ ಗೋಡೆಯ ಮೇಲೊಂದು ಮುಳ್ಳು. ಅದು ಕೆಂಪು ಗೆರೆ ದಾಟಿದರೆ ಒಂದು ದೋಣಿಯೂ ಕಡಲಿಗಿಳಿಯುವಂತಿಲ್ಲ. ಶೀನ ಮೊಗವೀರನೆಂಬಾತ ಆ ಮುಳ್ಳಿಗೆ ಕೈಮುಗಿದೇ ದೋಣಿ ಹತ್ತುತ್ತಿದ್ದ.

ಒಂದು ಮಧ್ಯಾಹ್ನ ಚಂಡಮಾರುತ ಬಂತು. ಅಬ್ಬಾ! ತೆಂಗಿನ ಮರಗಳು ನೆಲ ಮುಟ್ಟಿ ಏಳುತ್ತಿದ್ದವು. ಮುಳ್ಳು ಕೊನೆಯ ಅಂಕಿಗೆ ಹೋಗಿ ಅಲ್ಲೇ ನಡುಗುತ್ತಿತ್ತು. ದಡದ ಜನರೆಲ್ಲ ಕಚೇರಿಯೊಳಗೆ ಸೇರಿದ್ದರು. ಆಮೇಲೆ ಇದ್ದಕ್ಕಿದ್ದಂತೆ ಗಾಳಿ ನಿಂತಿತು. ಬಿಸಿಲೂ ಬಂತು. ನಾನು ನಿಂತೆ, ಮುಳ್ಳು ಸೊನ್ನೆಗಿಳಿಯಿತು.

“ಮುಳ್ಳು ಕಾಣ್, ಗಾಳಿ ನಿಂತಿತ್. ದೋಣಿ ಬಿಗ್ದ್ ಕಟ್ಟಿ ಬತ್ತೆ,” ಎಂದು ಶೀನ ಮೂಲೆಯಲ್ಲಿದ್ದ ಹಗ್ಗಕ್ಕೆ ಕೈಹಾಕಿದ. ಅವನ ಹೆಂಡತಿ ಅಕ್ಕಣಿ ಹಗ್ಗದ ಸುರುಳಿಯ ಮೇಲೆ ಕುಳಿತೇಬಿಟ್ಟಳು.

“ಗಾಳಿ ನಿಂತ್ರೆ ಕಡಲ್ ಎಂತಕ್ಕೆ ಕುದೀತಾ ಇತ್? ಸುತ್ತ ಮೋಡ ಗ್ವಾಡಿ ಕಟ್ಟಿತ್ ಕಾಣಿ. ನಾನ್ ಏಳುದಿಲ್ಲ.”

“ದೋಣಿ ಒಡ್ದ್ ಹೋರೆ ಉಂಬುದ್ ಎಂತ?”

“ನೀವೇ ಹೋರೆ?”

ಶೀನ ಬೈದ, ಹಗ್ಗ ಜಗ್ಗಿದ. ಅವಳು ಕದಲಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲ, ಸೊನ್ನೆ ಎಂದರೆ ಸೊನ್ನೆಯೇ. ಆದರೆ ಗಾಳಿ ಎತ್ತಣಿಂದ ಬಂದರೂ ನನ್ನ ಬಟ್ಟಲುಗಳು ತಿರುಗುವುದು ಒಂದೇ ಕಡೆಗೆ. ನನಗೆ ವೇಗ ಗೊತ್ತು, ದಿಕ್ಕು ಗೊತ್ತಿಲ್ಲ. ನಾವೆಲ್ಲ ಚಂಡಮಾರುತದ ನಟ್ಟನಡುವೆ, ಗಾಳಿಯಿಲ್ಲದ ಅದರ ಕಣ್ಣಿನೊಳಗೆ ನಿಂತಿದ್ದೇವೆಂದು ನನಗೇನು ಗೊತ್ತು!

ಅಷ್ಟರಲ್ಲಿ ಎದುರು ದಿಕ್ಕಿನಿಂದ ಗಾಳಿ ಅಪ್ಪಳಿಸಿತು. ನನ್ನದೊಂದು ಬಟ್ಟಲು ಹಾರಿಹೋಯಿತು. ಶೀನನ ದೋಣಿ ದಡದ ದಕ್ಕೆಯ ಕಲ್ಲುಕಟ್ಟೆಗೆ ಬಡಿದು ಚೂರಾಯಿತು. ಅವನು ಅದನ್ನು ಕಿಟಕಿಯಿಂದ ನೋಡಿದ. ಹಗ್ಗ ಅವನ ಕೈಯಿಂದ ಜಾರಿತು. ಅಕ್ಕಣಿ ಆಗಲೂ ಏಳಲಿಲ್ಲ.

ಕಚೇರಿಯವರು ನನ್ನನ್ನು ಗುಜರಿಗೆ ಎಸೆದಾಗ ಶೀನ ಕೇಳಿ ತಂದ. ಹೋದ ಬಟ್ಟಲಿನ ಜಾಗಕ್ಕೆ ತೆಂಗಿನ ಚಿಪ್ಪು ಕಟ್ಟಿದ. ಈಗ ನಾನು ಅವರು ಮೀನು ಒಣಗಿಸುವ ಅಂಗಳದಲ್ಲಿ ಬಿದಿರಿನ ತುದಿಯಲ್ಲಿದ್ದೇನೆ. ಹದವಾಗಿ ತಿರುಗಿದರೆ ಬಂಗುಡೆ ಬೇಗ ಒಣಗುತ್ತದೆ. ಜೋರಾದರೆ ಅಕ್ಕಣಿ ಓಡಿಬಂದು ಬಲೆ ಹೊದಿಸುತ್ತಾಳೆ.

ಶೀನ ಈಗ ಬೇರೆಯವರ ದೋಣಿಯಲ್ಲಿ ಹೋಗುತ್ತಾನೆ. ಹೊರಡುವ ಮುಂಚೆ ನನ್ನನ್ನು ನೋಡುತ್ತಾನೆ, ಆಮೇಲೆ ಕಡಲನ್ನು, ಕೊನೆಗೆ ಅಕ್ಕಣಿಯ ಮುಖವನ್ನು. ಅವಳು ತಲೆಯಾಡಿಸಿದ ಮೇಲೆಯೇ ಹೆಜ್ಜೆ ತೆಗೆಯುತ್ತಾನೆ.