ಕತ್ತರಿಸಿದ ಆರು ಅಂಗುಲ

ನಮ್ಮ ಸೀಮೆಗೆ ನಡು ಚಳಿಗಾಲವಾದ ಜುಲೈ ತಿಂಗಳ ಒಂದು ಬೆಳಗ್ಗೆ ಓಕರ್ಟ್ ತನ್ನ ಪಿಕಪ್ಪನ್ನು ನನ್ನ ಬಂದೂಕು ರಿಪೇರಿಯ ಕಾರ್ಖಾನೆಯ ಬಾಗಿಲಿಗೇ ತಂದು ನಿಲ್ಲಿಸಿದ. ತೀರಿಕೊಂಡ ತನ್ನ ತಂದೆ ಫ್ಲೋರಿಸನಿಂದ ಬಂದ ರೈಫಲ್ಲನ್ನು ಅವನು ಎದೆಗವಚಿಕೊಂಡೇ ಇಳಿದ. ವಾಹನದ ಹಿಂದಿನ ತೆರೆದ ಭಾಗದಲ್ಲಿ, ಮೂವತ್ತೊಂದು ವರ್ಷಗಳಿಂದ ಆ ಮನೆಯ ಬೇಟೆಗಳಿಗೆ ಜಾಡು ಹಿಡಿದುಕೊಟ್ಟ ಗಾರಿಸೆಬ್, ಕಂಬಳಿ ಹೊದ್ದು ಕುಳಿತಿದ್ದ. ಅವನಿಗೆ ಇಳಿಯೆಂದು ಯಾರೂ ಹೇಳಲಿಲ್ಲ.

"ಊಮ್ ಬಾರೆಂಡ್, ಇದನ್ನ ಯಾರೋ ಮುಟ್ಟಿದಾರೆ. ದುರ್ಬೀನಿನ ಸ್ಕ್ರೂ ತಿರುಗಿಸಿದಾರೆ. ನೀವು ನೋಡಿ, ಹೌದು ಅಂದ್ರೆ ಸಾಕು." ಊರಿನವರಿಗೆಲ್ಲ ನಾನು ಊಮ್, ಅಂದರೆ ಚಿಕ್ಕಪ್ಪ.

"ಯಾರು?"

ಓಕರ್ಟ್ ಗಲ್ಲದಿಂದ ವಾಹನದತ್ತ ತೋರಿಸಿದ. "ನಾನ್ ಬಿಟ್ರೆ ಇದನ್ನ ಹೊರೋನು ಅವನೊಬ್ಬನೇ. ಈ ತಿಂಗಳು ಗುರಿ ತಪ್ಪಿ ನಾಲ್ಕು ಸ್ಪ್ರಿಂಗ್‌ಬಕ್ ಜಿಂಕೆಯ ಕಾಲು ಮುರಿದು ಬಿಟ್ಟಿದೀನಿ. ನಾಲ್ಕು! ನಮ್ಮಪ್ಪ ನಲವತ್ತು ವರ್ಷದಲ್ಲಿ ನಾಲ್ಕು ಬಿಟ್ಟಿರಲಿಲ್ಲ."

ಮುಂದಿನದನ್ನು ಅವನು ಹೇಳಬೇಕಾಗಿರಲಿಲ್ಲ. ಗಾಯಗೊಂಡು ಓಡಿ ಮರುದಿನ ಸಿಕ್ಕ ಪ್ರಾಣಿಯ ಮಾಂಸವನ್ನು ನಮ್ಮ ಸೀಮೆಯ ಯಾವ ಕಟುಕನೂ ಕೊಳ್ಳುವುದಿಲ್ಲ. ಅದು ಆಳುಗಳ ಒಲೆಗೆ ಸೇರುತ್ತದೆ. ಗಾರಿಸೆಬ್‌ನ ಗುಡಿಸಲ ಮುಂದಿನ ತಂತಿಯ ಮೇಲೆ ಆ ತಿಂಗಳು ಉಪ್ಪು ಹಚ್ಚಿದ ಮಾಂಸದ ಪಟ್ಟಿಗಳು ಸಾಲಾಗಿ ಒಣಗುತ್ತಿದ್ದವು. ಅದನ್ನು ಕಂಡ ದಿನದಿಂದ ಓಕರ್ಟನಿಗೆ ನಿದ್ದೆಯಿಲ್ಲ.

"ಭಾನುವಾರದೊಳಗೆ ಗುಡಿಸಲು ಖಾಲಿ ಮಾಡು ಅಂದಿದೀನಿ. ಆದ್ರೂ ನಿಮ್ಮ ಬಾಯಿಂದ ಒಂದು ಮಾತು ಬರ್ಲಿ ಅಂತ."

ಗಾರಿಸೆಬ್‌ನ ಹೆಂಡತಿಯನ್ನು ಮಣ್ಣು ಮಾಡಿದ್ದು ಆ ಗುಡಿಸಲ ಹಿಂದೆಯೇ. ಅದು ನನಗೆ ಗೊತ್ತಿತ್ತು.

ರೈಫಲ್ಲನ್ನು ಮೇಜಿನ ಮೇಲಿಟ್ಟು ಕನ್ನಡಕ ಏರಿಸಿದೆ. ಮೇ ತಿಂಗಳಲ್ಲಿ ಅದರ ಇಪ್ಪತ್ತಾರು ಅಂಗುಲದ ನಳಿಗೆಯನ್ನು ಇಪ್ಪತ್ತಕ್ಕೆ ಇಳಿಸಿದವನು ನಾನೇ. ವಾಹನದ ಬಾಗಿಲಿಗೆ ತಗಲುತ್ತದೆ, ವಿಂಡ್‌ಹುಕ್‌ನಿಂದ ತರಿಸಿದ ಸದ್ದಡಗಿಸುವ ಕೊಳವೆಯನ್ನೂ ಕೂಡಿಸಬೇಕು ಎಂದು ಓಕರ್ಟ್ ಕೇಳಿದ್ದ. ಕೊಳವೆ ಕೂಡಿಸಿದ ಮೇಲೆ ರೈಫಲ್ಲಿನ ಉದ್ದ ಮೊದಲಿಗಿಂತ ಒಂದು ಅಂಗುಲ ಹೆಚ್ಚೇ ಆಯಿತು ಎಂಬುದು ಬೇರೆ ಮಾತು. ಕೊಯ್ದ ಬಾಯಿಯನ್ನು ನಾನು ನುಣುಪುಗೊಳಿಸಿದ್ದ ರೀತಿಗೆ ಇಂದಿಗೂ ನನಗೆ ನಾಚಿಕೆಯಿಲ್ಲ. ಅದರ ಅಂಚಿನಲ್ಲಿ ಉಗುರಿಗೆ ತಾಗುವಂಥ ಒಂದು ಗೀರೂ ಇರಲಿಲ್ಲ. "ನನ್ನ ಕೊಯ್ತದಿಂದ ಗುಂಡು ಕೂದಲೆಳೆಯೂ ಆಚೀಚೆ ಆಗೋದಿಲ್ಲ" ಎಂದು ಅಂದು ಹೇಳಿದ್ದೆ.

ದುರ್ಬೀನಿನ ಪ್ರತಿ ಸ್ಕ್ರೂವಿನ ಮೇಲೂ ಅಂದು ನಾನೇ ಕೆಂಪು ಬಣ್ಣದ ಒಂದೊಂದು ಗೆರೆ ಎಳೆದಿದ್ದೆ. ಸ್ಕ್ರೂ ಒಂದಿಷ್ಟು ತಿರುಗಿದರೂ ಆ ಗೆರೆ ಒಡೆಯಬೇಕು. ಯಾವ ಗೆರೆಯೂ ಒಡೆದಿರಲಿಲ್ಲ.

ಅದನ್ನು ಅಲ್ಲಿಯೇ ಹೇಳಬಹುದಾಗಿತ್ತು, ಹೇಳಲಿಲ್ಲ. ಸ್ಕ್ರೂಗಳು ನಿರಪರಾಧಿಗಳಾದರೆ ಉಳಿಯುವುದು ನನ್ನ ಕೆಲಸ. ನನ್ನ ಕಣ್ಣು ಕಿಟಕಿಯಾಚೆ ಗಾರಿಸೆಬ್‌ನ ಕೈಗಳತ್ತ ಹೋಯಿತು. ಅವು ಚುರುಕಾದ ಕೈಗಳು. ಬಣ್ಣ ಕೆರೆದು ಮತ್ತೆ ಬಳಿಯಲು ಎಷ್ಟು ಹೊತ್ತು ಬೇಕು ಎಂದುಕೊಂಡೆ. ನನ್ನ ಪಾಲಿಗೆ ಆ ಯೋಚನೆ ಬಹಳ ಹಿತವಾಗಿತ್ತು.

"ಹೊಡೆದೇ ನೋಡೋಣ" ಎಂದೆ.

ಕಾರ್ಖಾನೆಯ ಹಿಂದೆ ಬಯಲು; ಗಾರಿಸೆಬ್ ಕುಳಿತಿದ್ದ ವಾಹನವನ್ನೂ ಓಕರ್ಟ್ ಅಲ್ಲಿಗೇ ತಂದ. ನೂರು ಮೀಟರಿಗೆ ಹಲಗೆ, ನಾನೂರಕ್ಕೆ ಸುಣ್ಣ ಬಳಿದ ಉಕ್ಕಿನ ತಟ್ಟೆ. ನೂರರಲ್ಲಿ ಓಕರ್ಟ್ ಮೂರು ಗುಂಡು ಹೊಡೆದ. ಇನ್ನೂರಕ್ಕೆ ನೇರ ಬೀಳಲೆಂದು ಅವನ ತಂದೆ ಬಯಸುತ್ತಿದ್ದಂತೆಯೇ ಮೂರೂ ಗುರಿಯ ನಡುವಿಗಿಂತ ಎರಡು ಬೆರಳು ಮೇಲೆ, ಒಂದನ್ನೊಂದು ಮುಟ್ಟಿಕೊಂಡು ಕುಳಿತವು.

"ನೋಡಿದ್ಯಾ?" ಎಂದೆ, ಹೆಮ್ಮೆಯಿಂದ.

"ನೋಡ್ದೆ. ನಿಮ್ಮಲ್ಲಿಗೆ ಬರ್ತೀವಿ ಅಂತ ಗೊತ್ತಾಗಿ ಬೆಳಗ್ಗೆನೇ ಸರಿ ಮಾಡಿಟ್ಟಿದಾನೆ, ಕಳ್ಳ!"

ಗಾರಿಸೆಬ್ ಆಗ ನಕ್ಕ. ಕಂಬಳಿ ಹೊದ್ದುಕೊಂಡೇ ತಾನಾಗಿ ಇಳಿದು ಬಂದ.

"ಯಜಮಾನ್ರೇ, ನನಗೆ ಇಷ್ಟೆಲ್ಲ ವಿದ್ಯೆ ಇದ್ದಿದ್ರೆ ನಿಮ್ಮ ಕುರಿ ಗೊಬ್ಬರ ಯಾಕೆ ಹೊರ್ತಿದ್ದೆ? ಊಮ್ ಬಾರೆಂಡ್ ಪಕ್ಕ ಒಂದು ಅಂಗಡಿ ಇಡ್ತಿದ್ದೆ."

"ಬಾಯ್ಮುಚ್ಚು."

"ಮೂವತ್ತೊಂದು ವರ್ಷ ಮುಚ್ಚಿದೀನಿ. ಇವತ್ತು ಒಂದೇ ಒಂದು ವಿಷಯ ಹೇಳಿ ಮತ್ತೆ ಮುಚ್ತೀನಿ. ಈ ಚಳಿಗಾಲ ಹನ್ನೊಂದು ಹೊಡೆದ್ರಿ. ಹತ್ತಿರದ ಏಳೂ ನಿಂತಲ್ಲೇ ಬಿದ್ದವು. ಕಾಲು ಮುರಿದದ್ದು ಬಯಲಿನ ಆ ತುದಿಯವು ಮಾತ್ರ. ನಾಲ್ಕರ ಜಾಡನ್ನೂ ನಾನೇ ಹಿಡಿದೆ. ಗುಂಡು ಎಡಕ್ಕೆ ಹೋಗಿಲ್ಲ, ಬಲಕ್ಕೆ ಹೋಗಿಲ್ಲ. ಪ್ರತಿ ಸಲ ಕೆಳಗೇ. ನಾನು ಸ್ಕ್ರೂ ತಿರುಗಿಸಿದ್ರೆ ಹತ್ತಿರದವೂ ತಪ್ಪಬೇಕಿತ್ತಲ್ವಾ, ಊಮ್ ಬಾರೆಂಡ್? ದೂರದವನ್ನ ಮಾತ್ರ ತಪ್ಪಿಸೋ ಸ್ಕ್ರೂ ಯಾವುದು, ತೋರಿಸಿ."

ಓಕರ್ಟ್ ರೈಫಲ್ಲಿನ ಹಿಡಿಯನ್ನು ಸವರಿದ. ಅವನ ಹೆಬ್ಬೆರಳು ನಿಂತಲ್ಲಿಗೆ ನನ್ನ ದೃಷ್ಟಿಯೂ ನಿಂತಿತು. ಎಷ್ಟು ಮೀಟರಿಗೆ ಎಷ್ಟು ಮೇಲೆ ಗುರಿಯಿಡಬೇಕೆಂದು ಫ್ಲೋರಿಸ್ ತನ್ನ ಕೈಯಿಂದ ಬರೆದು ಅಂಟಿಸಿದ ಚೀಟಿ ಅಲ್ಲಿತ್ತು: ಇನ್ನೂರಕ್ಕೆ ನೇರ, ಮುನ್ನೂರಕ್ಕೆ ಒಂದು ಗೇಣು ಮೇಲೆ, ನಾನೂರಕ್ಕೆ ಮೂರು ಗೇಣು. "ಅಪ್ಪನ ಅಕ್ಷರ, ಅದನ್ನ ಮಾತ್ರ ಮುಟ್ಬೇಡಿ" ಎಂದು ಮೇ ತಿಂಗಳಲ್ಲಿ ಓಕರ್ಟ್ ಬೇಡಿಕೊಂಡಿದ್ದ. ಮುಟ್ಟಿರಲಿಲ್ಲ. ಮಾಸದಿರಲೆಂದು ಅದರ ಮೇಲೆ ಎರಡು ಪದರ ಮೆರುಗೆಣ್ಣೆಯನ್ನೂ ಬಳಿದುಕೊಟ್ಟಿದ್ದೆ.

ನಳಿಗೆ ಗಿಡ್ಡವಾದರೆ ಮದ್ದಿನ ಹೊಗೆ ಗುಂಡನ್ನು ತಳ್ಳುವ ದಾರಿಯೂ ಗಿಡ್ಡವಾಗುತ್ತದೆ. ಅಂಗುಲವೊಂದಕ್ಕೆ ಸೆಕೆಂಡಿಗೆ ಸುಮಾರು ಇಪ್ಪತ್ತೈದು ಅಡಿ ವೇಗ ಹೋಗುತ್ತದೆ. ಆರು ಅಂಗುಲಕ್ಕೆ ನೂರೈವತ್ತು. ನೂರು ಮೀಟರಿನಲ್ಲಿ ಅದು ಯಾರ ಕಣ್ಣಿಗೂ ಬೀಳದು; ನಾನೂರರಲ್ಲಿ ಗುಂಡು ಮುಕ್ಕಾಲು ಗೇಣು ಹೆಚ್ಚು ಇಳಿಯುತ್ತದೆ. ಜಿಂಕೆಯ ಎದೆಗೂ ಮೊಣಕಾಲಿಗೂ ನಡುವೆ ಇರುವುದು ಅಷ್ಟೇ. ಐವತ್ತು ವರ್ಷ ಈ ಕಸುಬು ಮಾಡಿದವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೊಯ್ತದ ಅಂದವನ್ನು ನೋಡುತ್ತ ಹೇಳಲು ಮರೆತಿದ್ದೆ.

"ಓಕರ್ಟ್, ಸ್ಕ್ರೂಗಳನ್ನ ಯಾರೂ ಮುಟ್ಟಿಲ್ಲ. ಬಣ್ಣ ಒಡೆದಿಲ್ಲ. ಒಳಗೇ ನೋಡಿದ್ದೆ, ಹೇಳ್ಲಿಲ್ಲ" ಎಂದೆ. "ಆ ಚೀಟಿ ಉದ್ದ ನಳಿಗೆಯದು. ನಳಿಗೆ ಕತ್ತರಿಸಿದ ದಿನವೇ ಅದು ಸುಳ್ಳಾಯ್ತು. ತಪ್ಪು ನನ್ನದು."

"ಅಪ್ಪನ ಚೀಟಿ ಸುಳ್ಳಾ?" ಅವನ ನೋಟ ನನ್ನ ಮೇಲೂ ಗಾರಿಸೆಬ್ ಮೇಲೂ ಹರಿದಾಡಿತು. "ನೀವಿಬ್ರೂ ಮೊದಲೇ ಮಾತಾಡ್ಕೊಂಡು ಬಂದಿದೀರಾ?"

"ತಟ್ಟೆ ಅಲ್ಲಿದೆ. ಮೊದಲು ನಿಮ್ಮಪ್ಪ ಹೇಳಿದಂಗೆ ಹೊಡಿ. ಆಮೇಲೆ ಮುಕ್ಕಾಲು ಗೇಣು ಸೇರಿಸಿ ಹೊಡಿ."

ಮೊದಲ ಗುಂಡಿಗೆ ತಟ್ಟೆಯ ಕೆಳಗೆ ಧೂಳು ಎದ್ದಿತು. ಎರಡನೆಯದಕ್ಕೆ ಉಕ್ಕು ಟಣ್ಣೆಂದ ಸದ್ದು ಬಯಲು ದಾಟಿ ಬಂತು. ಓಕರ್ಟ್ ಎದ್ದು ಬಂದು ರೈಫಲ್ಲನ್ನು ನನ್ನ ಕೈಗೆ ಕೊಟ್ಟ.

ಹೊಸ ಚೀಟಿಯನ್ನು ನಾನೇ ಬರೆದೆ. ನಾಲ್ಕು ಜಿಂಕೆಗಳಿಗೆ ಗುಂಡು ಎಷ್ಟೆಷ್ಟು ಕೆಳಗೆ ತಾಗಿತ್ತೆಂದು ಗಾರಿಸೆಬ್ ತನ್ನ ಕಾಲಿನ ಮೇಲೆಯೇ ಬೆರಳಿಟ್ಟು ತೋರಿಸಿದ. ನನ್ನ ಲೆಕ್ಕಕ್ಕೂ ಅವನ ಬೆರಳಿಗೂ ವ್ಯತ್ಯಾಸ ಬರಲಿಲ್ಲ. ಹಳೆಯದನ್ನು ಕೀಳದೆ, ಅದರ ಪಕ್ಕದಲ್ಲಿಯೇ ಹೊಸದನ್ನು ಅಂಟಿಸಿದೆ.

ಓಕರ್ಟ್ ಕ್ಷಮೆ ಕೇಳುವ ಜಾತಿಯವನಲ್ಲ. "ಗುಡಿಸಲಲ್ಲೇ ಇರು" ಎಂದು ನೆಲಕ್ಕೆ ಹೇಳಿ, ಎಂದಿನಂತೆ ರೈಫಲ್ಲನ್ನು ಗಾರಿಸೆಬ್‌ನತ್ತ ಚಾಚಿದ.

ಗಾರಿಸೆಬ್ ಎರಡು ಕೈಗಳನ್ನೂ ಕಂಬಳಿಯೊಳಗೆ ಸೇರಿಸಿಕೊಂಡ.

"ಇರ್ತೀನಿ, ಯಜಮಾನ್ರೇ. ಜಾಡೂ ಹಿಡೀತೀನಿ. ಇದನ್ನ ಮಾತ್ರ ಇನ್ಮೇಲೆ ನೀವೇ ಹೊತ್ಕೊಳಿ. ಮುಂದಿನ ಸಲ ಗುರಿ ತಪ್ಪಿದ್ರೆ ಯಾರು ಮುಟ್ಟಿದ್ರು ಅಂತ ಹುಡುಕೋ ಕಷ್ಟ ಇರಲ್ಲ."

ಓಕರ್ಟ್ ರೈಫಲ್ಲನ್ನು ತಾನೇ ಹೊತ್ತು ವಾಹನ ಹತ್ತಿದ. ಕೊಳವೆಯ ತುದಿ ಬಾಗಿಲಿಗೆ ಬಡಿಯಿತು.