ಭಟ್ಕಳದ ಬಸ್ಸು

"ಸ್ವಲ್ಪ ಎಡಕ್ಕೆ ತಗಳ್ರೋ, ಅವನ ಮುಖಕ್ಕೆ ಬಿಸಿಲು ಬೀಳ್ತದೆ," ಎಂದು ಕಂಡಕ್ಟರ್ ಶಿವ ಕೂಗಿದ. ಕುಮಟಾ ರೈಲು ನಿಲ್ದಾಣದ ಎದುರು, ಬಸ್ಸು ನಿಲ್ಲುವ ಮಾಡಿನ ನೆರಳಿನಲ್ಲಿ ಹಮಾಲರು ಬೊಮ್ಮಯ್ಯನ ಚಟ್ಟ ಇಳಿಸಿದರು.

ರೈಲಿಳಿದವರ ಗಂಟುಮೂಟೆಗಳನ್ನು ಬಸ್ಸಿಗೆ ಮುಟ್ಟಿಸುತ್ತಲೇ ಆಯುಷ್ಯ ಸವೆಸಿದವನು. ನಿನ್ನೆ ಸಂಜೆ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವನು ಏಳಲಿಲ್ಲ. ಸುಡುವ ಮುನ್ನ ಒಂದು ಗಳಿಗೆ ಇಲ್ಲಿ ಇಡಲೇಬೇಕೆಂದು ಎಲ್ಲರೂ ಹಟ ಹಿಡಿದಿದ್ದರು. ಹೆಂಡತಿ ಕಮಲಿಯನ್ನೂ ಆಟೋದಲ್ಲಿ ಕರೆತಂದಿದ್ದರು.

"ದೇವರಂಥವ," ಎಂದ ಶಿವ, ಕಣ್ಣೊರೆಸಿಕೊಳ್ಳುತ್ತ. "ಒಂದಿನ ಕಮಲಕ್ಕ ಭಟ್ಕಳದ ಹತ್ರ ತೆಂಗಿನಗುಂಡಿಗೆ, ತವರಿಗೆ ಹೋಗೂಕೆ ನನ್ನ ಬಸ್ಸಲ್ಲಿ ಕೂತಿತ್ತು. ಇವ ಓಡಿ ಬಂದ. ಅದ್ರ ಚೀಲ ಇಸ್ಕಂಡು ತಲೆ ಮೇಲಿಟ್ಕಂಡ. 'ರಾಣಿ ಬರಿಗೈಲಿ ಬರ್ಲಿ, ನಾ ಹೊರ್ತೆ' ಅಂದ. ಬಸ್ಸಲ್ಲಿದ್ದವ್ರೆಲ್ಲ ಚಪ್ಪಾಳೆ ಹೊಡದ್ರು. ಹೆಂಡ್ತಿನ ಬಿಟ್ಟಿರೂಕೆ ಆಗ್ತಿರ್ಲಿಲ್ಲ ಅವಂಗೆ."

ಬೊಮ್ಮಯ್ಯನ ಅಕ್ಕ ದೇವಿ ಕಮಲಿಯ ಪಕ್ಕೆ ತಿವಿದಳು. "ಅಳೇ. ಜನ ನೋಡ್ತ್ರು."

ಕಮಲಿಗೆ ಅಳು ಬರಲಿಲ್ಲ.

* * *

ಅಂದು ಚಪ್ಪಾಳೆಯ ನಡುವೆ ಕಮಲಿಗೆ ಇಳಿಯದೆ ಗತಿಯಿರಲಿಲ್ಲ. ದಾರಿಯುದ್ದಕ್ಕೂ ಎದುರಾದವರನ್ನೆಲ್ಲ ಬೊಮ್ಮಯ್ಯ ನಗುನಗುತ್ತ ಮಾತಾಡಿಸಿದ. ಮನೆಗೆ ಬಂದು ಚೀಲವನ್ನು ಜೋಪಾನವಾಗಿ ಕೆಳಗಿಟ್ಟ. ಚಿಲಕ ಹಾಕಿದ.

"ಯಾವ ಕೈಯಲ್ಲಿ ಕಂಬಿ ಹಿಡ್ದು ಬಸ್ ಹತ್ತಿದೆ?"

ಕಮಲಿ ಎರಡೂ ಕೈ ಸೆರಗಿನೊಳಗೆ ಅಡಗಿಸಿದಳು.

"ಹಂಗಾರೆ ಎರಡೂ," ಎಂದ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಅವಳ ಬೆರಳುಗಳನ್ನಿಟ್ಟು ಕದ ಎಳೆದ.

ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ದೇವಿ ಕೂಗು ಕೇಳಿ ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟಳು.

ಬಾವಿಕಟ್ಟೆಯಲ್ಲಿ ಬಿದ್ದಳೆಂದು ಬೊಮ್ಮಯ್ಯ ಊರಿಗೆಲ್ಲ ಹೇಳಿದ. ತಿಂಗಳುಗಟ್ಟಲೆ ಜಗಲಿಯಲ್ಲಿ ಕೂರಿಸಿಕೊಂಡು ತುತ್ತು ತಿನ್ನಿಸಿದ. ದಾರಿಹೋಕರು ನಿಂತು ನೋಡಿ, ಗಂಡನೆಂದರೆ ಹೀಗಿರಬೇಕು ಎಂದರು.

* * *

"ರೈಲು ಬಂತು, ಎತ್ತಿ," ಎಂದು ಯಾರೋ ಅವಸರಿಸಿದರು. ಗಂಡಸರು ಚಟ್ಟ ಹೊತ್ತು ನಡೆದರು. ಹೆಂಗಸರು ಮನೆಯ ಕಡೆ ತಿರುಗಿದರು.

ಕಮಲಿ ತಿರುಗಲಿಲ್ಲ. ಶಿವನ ಭಟ್ಕಳದ ಬಸ್ಸು ಬಾಗಿಲು ತೆರೆದು ನಿಂತಿತ್ತು. ಕಂಬಿ ಹಿಡಿಯಲು ಬೆರಳು ಮಡಚಲಾರದೆ ಮೊಣಕೈ ಊರಿ ಹತ್ತಿದಳು. ಕಿಟಕಿಯ ಪಕ್ಕ ಕೂತದ್ದೇ ಕಣ್ಣು ತುಂಬಿ ಬಂತು.

"ಅಯ್ಯೋ, ಎಲ್ಲಿಗೆ ಕಮಲಕ್ಕ?" ಡ್ಯೂಟಿಗೆ ಉಳಿದಿದ್ದ ಶಿವ ಗಾಬರಿಯಾದ.

"ತೆಂಗಿನಗುಂಡಿಗೆ. ಬಸ್ ಬಿಡು ಶಿವ."

"ಇವತ್ತಾ? ಅವಂಗೆ ಬೆಂಕಿನೂ ಇಟ್ಟಾಗಲಿಲ್ಲ!"

ದೇವಿ ಏದುಸಿರು ಬಿಡುತ್ತ ಹತ್ತಿದಳು. "ಪಾಪ, ತಲೆ ಕೆಟ್ಟೋಗಿದೆ ಅದಕ್ಕೆ. ಇಳಿಸ್ರೋ."

"ನನ್ ತಲೆ ಸಮ ಇದೆ," ಎಂದಳು ಕಮಲಿ. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ನನ್ನ ಕೈ ಮುರ್ದವ ಅವನೇ. ಅವನ ಅಕ್ಕ ಇದು, ಹೊರಗೆ ನಿಂತು ಕೇಳ್ತಿತ್ತು."

ಬಸ್ಸಿನಲ್ಲಿದ್ದವರೆಲ್ಲ ದೇವಿಯ ಕಡೆ ತಿರುಗಿದರು.

"ಕೇಳಿದ್ರಲ್ಲ," ಎಂದಳು ದೇವಿ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ. "ತುತ್ತು ತಿನ್ಸಿದ ಗಂಡನ ಮೇಲೆ ಎಂತೆಂತ ಹೇಳ್ತದೆ. ದುಃಖ ನೆತ್ತಿಗೇರಿದೆ."

"ಪಾಪ," ಎಂದರು ಹಿಂದಿನ ಸೀಟಿನವರು.

ಶಿವ ಬಗ್ಗಿ, ಬಲು ಮೃದುವಾಗಿ ಅವಳ ಕಂಕುಳಿಗೆ ಕೈ ಹಾಕಿದ. "ಬಾ ಅಕ್ಕ. ನಿನ್ನ ಸಂಕಟ ನಂಗೆ ತಿಳೀತದೆ." ಕೆಳಗಿಳಿಸಿ ದೇವಿಯ ಕೈಗೊಪ್ಪಿಸಿ, ಸೀಟಿ ಊದಿದ.

ಬಸ್ಸು ಹೊರಟಿತು. ಅಷ್ಟರಲ್ಲಿ ನಿಲ್ದಾಣದೊಳಗಿಂದ ಬೆನ್ನಿಗೆ ಚೀಲ ಹಾಕಿದ ಹುಡುಗಿಯೊಬ್ಬಳು ಕೈಬೀಸುತ್ತ ಓಡಿಬಂದಳು. "ಹೋಲ್ಡಾನ್!" ಎಂದ ಶಿವ. ಬಸ್ಸು ನಿಂತಿತು. ಅವನು ಬಾಗಿಲಿನಿಂದ ಹೊರಗೆ ಬಾಗಿ ಕೈ ಚಾಚಿದ. ಹುಡುಗಿ ಅದನ್ನು ಹಿಡಿದು ನಗುತ್ತ ಒಳಗೆ ಜಿಗಿದಳು.