ಎರಡಿಂಚಿನ ಹಲಗೆ, ಮೂರರ ಚಿಪ್ಪು

ಹಳೇ ಕಂಪ್ಯೂಟರಿನಲ್ಲಿ ನಕ್ಷೆ ತೆರೆದುಕೊಳ್ಳುವಷ್ಟರಲ್ಲಿ ಬಡಗಿ ಒಂದು ಲೋಟ ಟೀ ಕುಡಿದು ಮುಗಿಸುತ್ತಿದ್ದ. ಈ ವಾರ ಅದು ಪೂರ್ತಿ ಮಲಗಿಯೇ ಬಿಟ್ಟಿತು. ಶಾಲೆಯ ಪುಸ್ತಕದ ಕಪಾಟುಗಳ ನಕ್ಷೆಯನ್ನು ಸೋಮವಾರ ಒಪ್ಪಿಸಬೇಕು. ತಪ್ಪಿದರೆ ಕೆಲಸ ಬೇರೆಯವರ ಪಾಲು. ಹೊಸ ಕಂಪ್ಯೂಟರು ಕೊಳ್ಳಲು ದುಡ್ಡಿರುವುದೂ ಒಂದೇ ಸಲಕ್ಕೆ, ಆಯ್ಕೆ ತಪ್ಪಿದರೆ ಇನ್ನೊಂದಿಲ್ಲ.

"ಅಂಗಡೀಲಿ ನಮ್ಮ ದುಡ್ಡಿಗೆ ಎರಡು ಕಂಪ್ಯೂಟರಿವೆ, ಮೂರು ನ್ಯಾನೋಮೀಟರ್ ಚಿಪ್ಪಿಂದೇ ತಗೊಳ್ಳೋಣ. ಇನ್ನೊಂದು ಐದರದ್ದಂತೆ. ಅಂಕಿ ಸಣ್ಣದಾದಷ್ಟೂ ಕೆಲಸ ನಾಜೂಕು," ಎಂದ ಹೆಂಡತಿಗೆ.

"ಅದರೊಳಗೆ ಮೂರು ಇರೋದು ಏನು?" ಎಂದಳು ಅವಳು.

ಬಡಗಿ ತಲೆ ಕೆರೆದುಕೊಂಡು, ರಜೆಗೆ ಬಂದಿದ್ದ ತಂಗಿಯ ಕಡೆ ನೋಡಿದ. ಚಿಪ್ ಕಾರ್ಖಾನೆಯಲ್ಲಿ ಸೂಕ್ಷ್ಮದರ್ಶಕದಡಿ ಗೆರೆಗಳನ್ನು ಅಳೆಯುವುದೇ ಅವಳ ಉದ್ಯೋಗ.

"ನ್ಯಾನೋಮೀಟರ್ ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು, ಆದ್ರೆ ನೀನು ಅಂದ್ಕೊಂಡಿರೋ ಮೂರು ಅಲ್ಲಿಲ್ಲ ಅಣ್ಣ. ಹಿಂದೆ ಆ ಅಂಕಿ ಒಳಗಿನ ಒಂದು ಭಾಗದ ಅಳತೆಯೇ ಆಗಿತ್ತು. ಈಗ ಬರೀ ಹೆಸರು. ಮೂರರ ಚಿಪ್ಪಲ್ಲಿ ಒಂದು ಗೆರೆಯಿಂದ ಪಕ್ಕದ ಗೆರೆಗೇ ಇಪ್ಪತ್ತು ನ್ಯಾನೋಮೀಟರ್ ದಾಟುತ್ತೆ."

ಬಡಗಿಗೆ ಸಿಟ್ಟೇ ಬಂತು. ಸೊಂಟದಲ್ಲಿ ಟೇಪಿಲ್ಲದೆ ಹೊಸ್ತಿಲು ದಾಟದ ಮನುಷ್ಯ ಅವನು. "ಅಳತೆ ಅಂದ್ಮೇಲೆ ಅಳತೆ. ನಾನು ಹೀಗೆ ಮಾಡಿದ್ರೆ ಗಿರಾಕಿ ಬಿಡ್ತಾರಾ?"

ತಂಗಿ ಆ ಟೇಪನ್ನೇ ಎಳೆದು, ಮೂಲೆಯಲ್ಲಿ ಅವನೇ 'ಎರಡು ಇಂಚು' ಎಂದು ಬರೆದಿಟ್ಟಿದ್ದ ಹಲಗೆಯ ದಪ್ಪ ಅಳೆದಳು. ಒಂದೂಮುಕ್ಕಾಲು ಬಂತು.

"ಕೊಯ್ದಾಗ ಎರಡೇ ಇತ್ತು ಕಣೇ. ಹತ್ತರಿ ಹೊಡೆದು ನಯ ಮಾಡಿದ್ರೆ ಕಾಲಿಂಚು ಹೋಗುತ್ತೆ, ಹೆಸರು ಹಾಗೇ ಉಳಿಯುತ್ತೆ. ಕಸುಬಿನೋರಿಗೆಲ್ಲ ಗೊತ್ತು."

"ಗೊತ್ತಿಲ್ಲದೋರಿಗೆ?"

"ತನ್ನ ತಟ್ಟೇಲಿ ಹೆಗ್ಗಣ ಬಿದ್ದಿದ್ರೂ ಪಕ್ಕದ ತಟ್ಟೆ ನೊಣ ಕಾಣುತ್ತಂತೆ," ಎಂದು ಹೆಂಡತಿ ನಕ್ಕಳು.

ಬಡಗಿಗೆ ನಾಚಿಕೆಯಾಯಿತು, ಕುತೂಹಲವೂ ಹೆಚ್ಚಿತು. "ಹಾಗಾದ್ರೆ ಆ ಅಂಕಿ ಪೂರ್ತಿ ಸುಳ್ಳಾ?"

"ಹಾಗೇನಿಲ್ಲ. ಒಂದೇ ಕಂಪನೀಲಿ ಸಣ್ಣ ಅಂಕಿ ಅಂದ್ರೆ ಸಾಮಾನ್ಯವಾಗಿ ಹೊಸ ತಲೆಮಾರಿಂದು. ಆದ್ರೆ ಒಬ್ಬರ ಮೂರನ್ನ ಇನ್ನೊಬ್ಬರ ಐದರ ಜೊತೆ ತೂಗೋಕಾಗಲ್ಲ. ಮೆಮೊರಿ ಎಷ್ಟಿದೆ ಅಂತ ಆ ಅಂಕಿ ಹೇಳೋದೇ ಇಲ್ಲ, ಅದು ಸಾಲದಿದ್ರೂ ದೊಡ್ಡ ನಕ್ಷೆ ನಿಧಾನ ಆಗುತ್ತೆ. ನಿನ್ನ ನಕ್ಷೇನ ಎರಡರಲ್ಲೂ ತೆರೆದು ನೋಡು."

ನಕ್ಷೆ ತುಂಬಿಟ್ಟಿದ್ದ ಪೆನ್‌ಡ್ರೈವ್ ಹಿಡಿದು ಮೂವರೂ ಅಂಗಡಿಗೆ ಹೋದರು. ಮೆಮೊರಿ ಸಾಲದೆ ಮೂರರದ್ದು ನಕ್ಷೆಯ ಕಪಾಟಿನ ಬಾಗಿಲನ್ನು ತೆರೆಯ ಮೇಲೆ ತಿರುಗಿಸಲು ತಿಣುಕಾಡಿತು. ಐದರದ್ದು ಸಲೀಸಾಗಿ ತಿರುಗಿಸಿತು. ಐದೇ ಮನೆಗೆ ಬಂತು, ಸೋಮವಾರ ನಕ್ಷೆಯೂ ಶಾಲೆ ಸೇರಿತು. ಅಂದೇ ಬಡಗಿ ಸೀಮೆಸುಣ್ಣ ಹಿಡಿದು, ತನ್ನ ಹಲಗೆಗಳ 'ಎರಡು ಇಂಚು' ಕೆಳಗೆ 'ನಯ ಮಾಡಿದ ಮೇಲೆ ಒಂದೂಮುಕ್ಕಾಲು' ಎಂದು ಬರೆದ.

ನೀವೂ ಫೋನೋ ಕಂಪ್ಯೂಟರೋ ಕೊಳ್ಳಲು ಹೊರಟಿದ್ದೀರಾ? ನ್ಯಾನೋಮೀಟರ್ ಮಾತು ಬಂದರೆ, ಅದು ಯಾವುದರ ಅಳತೆ ಎಂದು ಕೇಳಿ. ನಿಮ್ಮ ದಿನದ ಕೆಲಸವನ್ನು ಅಲ್ಲೇ ಮಾಡಿ ನೋಡಿ, ಆಮೇಲೆ ಕೊಳ್ಳಿ. ಕೇಳಲು ಸಂಕೋಚ ಬೇಡ, ಅಳತೆಯನ್ನೇ ನಂಬಿ ಬದುಕುವ ಬಡಗಿಯೂ ಕೇಳಿಯೇ ತಿಳಿದುಕೊಂಡ.